ಕೋಟೆದಿಬ್ಬದ ಜೋಡೆತ್ತು

ತೊಂಬತ್ತರ ದಶಕದ ಆ ಜೂನ್ ತಿಂಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಮಿಸ್ಟರ್ ಪಾಮರ್ ಅವರ ಸೀಟಿ. ಹೆಸರು ಪಾಮರ್, ಮನುಷ್ಯ ಮಹಾಪಂಡಿತ. ಲಂಡನ್ನಿನ ಅಂಚಿನ ನಮ್ಮ ಬೀದಿಯ ತುದಿಯಲ್ಲಿದ್ದ ಹುಲ್ಲುದಿಬ್ಬಕ್ಕೆ ಸ್ವಯಂನೇಮಿತ ಕಾವಲುಗಾರ. ಧಾರವಾಡದ ಕಾನ್ವೆಂಟಿನಲ್ಲಿ ಇಂಗ್ಲೆಂಡಿನ ರಾಜಾವಳಿಯನ್ನು ಗಿಳಿಯಂತೆ ಒಪ್ಪಿಸಿ ಪ್ರೈಜ್ ಗಿಟ್ಟಿಸಿದ್ದ ನಾನು, ಆ ದಿಬ್ಬವನ್ನು ಕೌನ್ಸಿಲ್‌ನವರು ಸುರಿದುಹೋದ ಮಣ್ಣೆಂದೇ ತಿಳಿದಿದ್ದೆ. ಪಾಮರ್ ಹೇಳಿದ ಮೇಲೆ ತಿಳಿಯಿತು: ಹದಿನೇಳನೇ ಶತಮಾನದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧವಾದಾಗ ಸೈನಿಕರು ಒಟ್ಟಿದ ಕೋಟೆಯಂತೆ ಅದು. ಕಾನೂನಿನ ರಕ್ಷಣೆಯಿರುವುದರಿಂದ ಒಂದು ಚಮಚ ಮಣ್ಣನ್ನೂ ತೆಗೆಯಕೂಡದಂತೆ. ಮೊಲಗಳು ಮಾತ್ರ ಯಾರ ಪರ್ಮಿಶನ್ನೂ ಇಲ್ಲದೆ ಬಿಲ ತೋಡಿಕೊಂಡು ಸುಖವಾಗಿದ್ದವು.

ಇಂಥ ಐತಿಹಾಸಿಕ ಮೃತ್ತಿಕೆಯನ್ನು, ಊರಿನಿಂದ ಬಂದಿದ್ದ ನಮ್ಮತ್ತೆ ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ನನ್ನ ಅನ್ನದ ಸೌಟಿನಿಂದಲೇ ಅಗೆದು ತಂದು, ಜೋಡೆತ್ತು ಮಾಡಿ, ಫೈರ್‌ಪ್ಲೇಸಿನ ಮೇಲೆ ನಿಲ್ಲಿಸಿ, ಹೋಳಿಗೆಯ ಎಡೆಯಿಟ್ಟು ಪೂಜಿಸಿಬಿಟ್ಟರು. ಚೆಲ್ಲಿದ ಮಣ್ಣಿನ ಜಾಡು ಹಿಡಿದು ಸೀಟಿ ಊದುತ್ತ ಬಂದ ಪಾಮರ್, ಎತ್ತುಗಳೆದುರು ತಬ್ಬಿಬ್ಬಾಗಿ ನಿಂತರು.

“ಮೇಡಂ, ಇದು ಮಾನ್ಯುಮೆಂಟ್! ಪುಡಿ ಮಾಡಿ ವಾಪಸ್ ಹಾಕಿ. ಇಲ್ಲದಿದ್ದರೆ ರಿಪೋರ್ಟ್ ಮಾಡಲೇಬೇಕಾಗುತ್ತೆ.”

ಅವರ ಇಂಗ್ಲಿಷನ್ನು ನಾನು ಕನ್ನಡಿಸಿದ್ದೇ ಅತ್ತೆಯ ಮುಖ ಸಣ್ಣದಾಯಿತು. “ಪೂಜಿ ಮಾಡಿದ ಎತ್ತು ಕೈಯಾರೆ ಒಡೀತಾರೇನವಾ? ಮನಿ ಎತ್ತಿಗೆ ಕೇಡಾಗ್ತೈತಿ.”

“ಈ ಲಂಡನ್ನಿನಾಗ ನಮ್ಮನ್ಯಾಗ ಎತ್ತು ಎಲ್ಲಿ ಅದಾವ್ರಿ ಅತ್ತಿ?”

“ನನ್ನ ಮಗಾ ಏನು ಮತ್ತ? ಹಗಲೂ ರಾತ್ರಿ ದವಾಖಾನ್ಯಾಗ ನೊಗಾ ಹೊತ್ತಾನ!” ಎಂದವರ ಕಣ್ಣು ತುಂಬಿತು.

ನನ್ನ ಪತಿಯೇ ಈ ಮನೆಯ ಎತ್ತೆಂದೂ, ಇವನ್ನೊಡೆದರೆ ಡಾಕ್ಟರರ ಪ್ರಾಣಕ್ಕೇ ಸಂಚಕಾರವೆಂದೂ ಪಾಮರ್‌ಗೆ ನನ್ನ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷಿನಲ್ಲಿ, ನಗು ನುಂಗಿಕೊಂಡು ನಿವೇದಿಸಿದೆ. ಅವರು ನಗಲಿಲ್ಲ. ಹೋಳಿಗೆಯೊಂದನ್ನು ಮೆಲ್ಲುತ್ತ ಬಹಳ ಹೊತ್ತು ಯೋಚಿಸಿ, ಮಣ್ಣು ಮರಳಬೇಕು ನಿಜ, ಪುಡಿಯಾಗಿಯೇ ಮರಳಬೇಕೆಂದು ಎಲ್ಲೂ ಬರೆದಿಲ್ಲ ಎಂದು ತೀರ್ಪಿತ್ತರು. ಸಂಜೆ ಆರತಿ ತಟ್ಟೆ ಹಿಡಿದು ಅತ್ತೆ, ಎತ್ತು ಹೊತ್ತು ನಾನು, ಹ್ಯಾಟು ಕಂಕುಳಲ್ಲಿಟ್ಟು ಪಾಮರ್ ದಿಬ್ಬಕ್ಕೆ ಮೆರವಣಿಗೆ ಹೋದೆವು. ಮುಖ ಪೂರ್ವಕ್ಕಿರಲಿ ಎಂದು ಅತ್ತೆ ಸನ್ನೆ ಮಾಡಿದರೆ, ಪಾಮರ್ ಜೇಬಿನಿಂದ ದಿಕ್ಸೂಚಿಯನ್ನೇ ತೆಗೆದರು.

ಅತ್ತೆ ಊರಿಗೆ ಮರಳಿದ ಮೇಲೆ, ನಾವು ಲಂಡನ್ನಿನದೇ ಇನ್ನೊಂದು ಬಡಾವಣೆ ಟೂಟಿಂಗ್‌ಗೆ ಮನೆ ಬದಲಿಸುವ ಮುನ್ನಾದಿನ, ಜೋರು ಮಳೆ. ದಿಬ್ಬದ ಮೇಲೆ ಪಾಮರ್ ತಾವು ತೊಯ್ಯುತ್ತ, ಎತ್ತುಗಳಿಗೆ ಕೊಡೆ ಹಿಡಿದು ಕೂತಿದ್ದರು. ನೀರಲ್ಲಿ ಕರಗುವುದೇ ಮಣ್ಣೆತ್ತಿಗೆ ಸದ್ಗತಿ, ಮನೆಗೆ ನಡೆಯಿರಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೂಗಿ ಕೇಳಿದರು: “ಡಾಕ್ಟರ್ ಹೇಗಿದ್ದಾರೆ?”

“ಸ್ವಲ್ಪ ನೆಗಡಿ, ಅಷ್ಟೇ,” ಎಂದೆ.

ಅವರು ಗಾಬರಿಯಿಂದ ಕೊಡೆಯನ್ನು ಇನ್ನಷ್ಟು ತಗ್ಗಿಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.