ಹುಳುಮನೆಯಲ್ಲಿ ಹತ್ತು ನಿಮಿಷ

ಪಿಯುಸಿಯಲ್ಲಿ ನಾನು ಒಮ್ಮೆ ಡುಮ್ಕಿ ಹೊಡೆದವಳು. ಓದಿರಲಿಲ್ಲವೆಂದಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಎದೆ ಡವಡವ ಹೊಡೆದುಕೊಂಡು, ತಲೆಯೊಳಗಿದ್ದದ್ದೆಲ್ಲ ಖಾಲಿಯಾಗಿಬಿಡುತ್ತಿತ್ತು. ಎಪ್ಪತ್ತರ ದಶಕದ ಮಾತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಪಕ್ಕದ ನಮ್ಮ ಹಳ್ಳಿಯಿಂದ ದೇವನಹಳ್ಳಿಗೆ, ಅಲ್ಲಿಂದ ಬೆಂಗಳೂರಿಗೆ, ಎರಡು ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ಊರಿಗೆ ನಾನೊಬ್ಬಳೇ. "ಇನ್ನೊಂದ್ಸಲ ಫೇಲಾದ್ರೆ ಕಾಲೇಜು ಸಾಕು, ಮನೇಲಿರು" ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ.

ಪ್ರಾಣಿಶಾಸ್ತ್ರದ ಮೇಡಂ ಒಂದು ದಿನ ನನ್ನನ್ನು ಕರೆದು, "ಬೆಳಿಗ್ಗೆ ಹತ್ತು ನಿಮಿಷ ಯೋಗ ಮಾಡಮ್ಮ. ಬೆನ್ನು ನೆಟ್ಟಗಿಟ್ಕೊಂಡು ಕೂತು ಉಸಿರು ಎಣಿಸು, ಅಷ್ಟೇ" ಎಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. "ಹತ್ತು ನಿಮಿಷ ಎಲ್ಲಿಂದ ತರ್ಲಿ ಮೇಡಂ? ಬಸ್ಸಿಗೆ ಮುಂಚೆ ಒಂದು ಮಂಕರಿ ಸೊಪ್ಪು ಕೊಯ್ದು ರೇಷ್ಮೆ ಹುಳುವಿಗೆ ಹಾಕ್ಬೇಕು" ಎಂದು ರೇಗಿಬಿಟ್ಟೆ. ಅವರು ನಕ್ಕರು. ನನಗೆ ಇನ್ನೂ ಉರಿಯಿತು.

ಆದರೂ ಕುತೂಹಲ ಬಿಡಬೇಕಲ್ಲ! ಸುಮ್ಮನೆ ಕೂತರೆ ಏನಾದೀತು? ನಡುಮನೆಯಲ್ಲಿ ಕೂತರೆ ಬಂದವರೆಲ್ಲ "ಯಾಕೆ, ಹೊಟ್ಟೆನೋವಾ?" ಎಂದು ಕೇಳುತ್ತಿದ್ದರು. ಕೊನೆಗೆ ಹುಳು ಸಾಕುವ ಕೋಣೆಗೆ, ಅಂದರೆ ನಮ್ಮ ಹುಳುಮನೆಗೆ, ನುಗ್ಗಿದೆ.

ಅಂದು ಹುಳುಗಳು ಜ್ವರಕ್ಕೆ ಕೂತಿದ್ದವು. ಬೆಳೆಯುವಾಗ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಕದಲದೆ ಕೂರುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಅನ್ನುವುದು. ಆಗ ಸೊಪ್ಪು ಹಾಕುವ ಹಾಗಿಲ್ಲ, ತಟ್ಟೆ ಅಲುಗಿಸುವ ಹಾಗಿಲ್ಲ. ನಾನು ಬಿದಿರಿನ ತಟ್ಟೆಯ ಮುಂದೆ ಕಾಲು ಮಡಚಿ ಕೂತೆ. ಉಸಿರು ಎಣಿಸಹೋದರೆ ಆರಕ್ಕೇ ತಪ್ಪಿತು. ಕಣ್ಣು ಬಿಟ್ಟು ಹುಳುವನ್ನೇ ನೋಡತೊಡಗಿದೆ. ಇದು ಉಸಿರಾಡುತ್ತದೋ? ಎಲ್ಲಿಂದ? ಮೂಗೇ ಇಲ್ಲವಲ್ಲ!

ಮರುದಿನ ಮೇಡಂ ಅವರನ್ನು ಕೇಳಿದೆ. "ಪಕ್ಕೆ ಮೇಲೆ ಸಾಲಾಗಿ ಕಪ್ಪು ಚುಕ್ಕೆ ಇರುತ್ತಲ್ಲ, ಅಲ್ಲಿಂದಲೇ" ಎಂದರು. ಅಯ್ಯೋ, ಹುಟ್ಟಿದಾಗಿನಿಂದ ನೋಡಿದ ಹುಳು, ಆ ಚುಕ್ಕೆ ಏತಕ್ಕೆಂದು ಒಂದು ದಿನವೂ ಕೇಳಿರಲಿಲ್ಲ! ಅಂದಿನಿಂದ ದಿನಾ ಕೂತೆ. ವಾರದಲ್ಲೇ ಎಣಿಕೆ ಇಪ್ಪತ್ತು ದಾಟಿತು, ಬಸ್ಸಿನಲ್ಲಿ ತೂಕಡಿಸುವುದು ಕಡಿಮೆಯಾಯಿತು, ಓದಿದ್ದು ತಲೆಯಲ್ಲಿ ನಿಲ್ಲತೊಡಗಿತು. ಕೋಪ ಮಾತ್ರ ಇದ್ದಷ್ಟೇ ಇತ್ತು.

ಅಪ್ಪ ಒಮ್ಮೆ ಬಾಗಿಲಲ್ಲಿ ನಿಂತು, "ಏನ್ ಮಾಡ್ತಾವ್ಳೆ ಇವ್ಳು?" ಎಂದ. ಅವ್ವ ಪಿಸುಗುಟ್ಟಿದಳು: "ಜ್ವರಕ್ಕೆ ಕೂತವ್ಳೆ, ಸುಮ್ಕಿರಿ. ಅಲುಗಿಸ್ಬ್ಯಾಡಿ." ನಗು ತಡೆದುಕೊಳ್ಳುವುದರಲ್ಲಿ ನನಗೆ ಸಾಕುಸಾಕಾಯಿತು. ಎದ್ದು ಮಂಕರಿ ಹುಡುಕಿದರೆ, "ಸೊಪ್ಪು ಆಗ್ಲೇ ಬಂತು, ನೀನು ಬಸ್ಸಿಗೆ ಹೋಗು" ಎಂದಳು. ದಿನವೂ ಅದೇ ಮಾತು. ಕೂಲಿಯವಳು ತರುತ್ತಿರಬೇಕು ಎಂದುಕೊಂಡೆ.

ಪರೀಕ್ಷೆ ಬಂದದ್ದು ಹುಳುಗಳು ನಾಲ್ಕನೇ ಜ್ವರ ಎದ್ದ ವಾರ, ಎಷ್ಟು ಸೊಪ್ಪು ಹಾಕಿದರೂ ಸಾಲದ ವಾರ. ಪ್ರಶ್ನೆಪತ್ರಿಕೆ ನೋಡಿದೆ. ಎದೆ ಹಾರಿತು, ತಲೆ ಖಾಲಿ. ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿದೆ.

"ಏನಮ್ಮ, ನಿದ್ದೆನಾ?" ಎಂದರು ಮೇಲ್ವಿಚಾರಕರು.

"ಇಲ್ಲ ಸಾರ್, ಉಸಿರಾಡ್ತಿದ್ದೀನಿ" ಎಂದೆ.

ಅವರು ನನ್ನನ್ನೇ ದುರುಗುಟ್ಟಿ ನೋಡಿ ಮುಂದೆ ಹೋದರು. ಇಪ್ಪತ್ತು ಎಣಿಸುವ ಹೊತ್ತಿಗೆ ಮೊದಲ ಉತ್ತರ ನೆನಪಾಯಿತು.

ಪಾಸಾದೆ! ಊರಿಗೆಲ್ಲ ಉಸಿರಿನ ಮಹಿಮೆ ಸಾರಿಕೊಂಡು ಬಂದೆ. ಕೇಳಿ ಕೇಳಿ ಅಪ್ಪನಿಗೆ ರೇಗಿತು. "ಉಸಿರಂತೆ ಉಸಿರು! ಪರೀಕ್ಷೆ ಮುಗ್ಯೋವರ್ಗೂ ನಿನ್ ಪಾಲಿನ ಸೊಪ್ಪು ಕೊಯ್ದಿದ್ದು ಯಾರು ಅಂತ ನಿಮ್ಮವ್ವನ್ನ ಕೇಳು."

ಕೇಳಬೇಕಾಗಿರಲಿಲ್ಲ. ಒಲೆಯ ಮುಂದಿದ್ದ ಅವ್ವನ ಬೆರಳುಗಳು ಸೊಪ್ಪಿನ ಹಾಲಿಗೆ ಕಪ್ಪಾಗಿ ಒಡೆದಿದ್ದವು. ನಾಚಿಕೆಯಾಯಿತು, ಅಳುವೂ ಬಂತು. ಹತ್ತು ನಿಮಿಷ ಎಲ್ಲಿಂದ ತರಲಿ ಎಂದು ಜಗಳವಾಡಿದ್ದೆನಲ್ಲ.

ಮರುದಿನ ಬೆಳಿಗ್ಗೆ ಅವ್ವನ ಕೈಯಿಂದ ಮಂಕರಿ ಕಿತ್ತುಕೊಂಡು, ಅವಳನ್ನು ಹುಳುಮನೆಯಲ್ಲಿ ಕೂರಿಸಿದೆ.

"ಸುಮ್ನೆ ಕೂತ್ಕಂಡು ಏನೇ ಮಾಡ್ಲಿ?"

"ಏನೂ ಮಾಡ್ಬೇಡ ಕಣವ್ವ."

ನಾನು ಸೊಪ್ಪು ಕೊಯ್ದು ಬರುವಷ್ಟರಲ್ಲಿ ಅವ್ವ ಗೋಡೆಗೊರಗಿ ನಿದ್ದೆಹೋಗಿದ್ದಳು. ಹಿಂದೆಯೇ ಅಪ್ಪ ಬಂದ. ನಾನು ತುಟಿಯ ಮೇಲೆ ಬೆರಳಿಟ್ಟೆ.

"ಜ್ವರಕ್ಕೆ ಕೂತವ್ಳೆ ಅಪ್ಪ. ಅಲುಗಿಸ್ಬ್ಯಾಡ" ಎಂದೆ.