ವಾಲಿದ ಅಡ್ಡಗೀಟು

ನಮ್ಮ ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಕುಂಚವನ್ನು ನೀರಲ್ಲಿ ಅದ್ದಿ ಬರೆದರೆ ಅಕ್ಷರ ಕರ್ರಗೆ ಹೊಳೆಯುತ್ತದೆ. ಗಂಗಾವತಿಯ ಸೆಕೆಗೆ ನೋಡನೋಡುತ್ತಲೇ ಆರಿಯೂ ಹೋಗುತ್ತದೆ. ನಾನು ಚೀನೀ ಅಕ್ಷರ ರೂಢಿ ಮಾಡಿಕೊಂಡದ್ದು ಅಲ್ಲೇ, ಅನ್ನ ಕುದಿಯುವ ಹೊತ್ತಿನಲ್ಲಿ.

ಕಲಿಸುವವರು ಮೈಸೂರಿನ ಒಬ್ಬ ಹೆಂಗಸು, ಪಾಠವೆಲ್ಲ ಫೋನಿನಲ್ಲಿ. ಚೀನಾದಲ್ಲಿ ಕಲಿಯುವವರು ಮೊದಲು ಸ್ವಂತದ್ದೇನೂ ಬರೆಯುವುದಿಲ್ಲವಂತೆ. ಹಿಂದಿನ ಗುರುಗಳು ಬರೆದದ್ದನ್ನು ಎದುರಿಗಿಟ್ಟುಕೊಂಡು ಹಾಗೆಯೇ ಬರೆಯುತ್ತ ಹೋಗಬೇಕು. ನನಗೆ ಬಂದದ್ದು ಅಂಥ ಹಳೆಯ ಗುರುವೊಬ್ಬರ ಒಂದೇ ಅಕ್ಷರ. ನಾನು ಬರೆದ ಅದರ ನಕಲು ಒಪ್ಪಿಗೆಯಾದರೆ ಅವರದೇ ಒಂದು ಪೂರ್ತಿ ಸಾಲು ಸಿಗುತ್ತದೆ. ಆ ಸಾಲು ನನಗೆ ಬೇಕೇ ಬೇಕಿತ್ತು.

ಅತ್ತೆ ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿದ್ದರು.

“ಏನವಾ, ಕಟ್ಟಿ ಒರಸಾಕತ್ತೀಯೋ, ಬರಿಯಾಕತ್ತೀಯೋ?”

“ಎರಡೂ ರೀ ಅತ್ತಿ.”

“ಛಲೋ ಆತ ಬಿಡು. ಓದಿದ ಸೊಸಿ ಅಂದ್ರ ಹಿಂಗಿರಬೇಕು.”

ಕಾಗದದ ಮೇಲೆ ಮಸಿಯಲ್ಲಿ ಬರೆದು ಮೈಸೂರಿಗೆ ಫೋಟೋ ಕಳಿಸಿದೆ. ಉತ್ತರ ಬಂತು: “ತುಂಬಾ ಚೆಂದವಿದೆ. ಆದರೆ ಇದು ನಿಮ್ಮ ಅಕ್ಷರ, ಅವರದಲ್ಲ. ಅಡ್ಡಗೀಟು ನೋಡಿ.”

ನೋಡಿದೆ. ಗುರುವಿನ ಗೀಟು ಬಲಕ್ಕೆ ಮೇಲೇರಿ ವಾಲಿತ್ತು. ತುದಿಯಲ್ಲಿ ಮಸಿ ಆರಿ, ಕುಂಚದ ಕೂದಲೆಳೆಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ನನ್ನದು ನೆಟ್ಟಗೆ, ತುಂಬಿಕೊಂಡು, ಅಚ್ಚುಕಟ್ಟು. ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಅಕ್ಷರ ಗೆರೆ ದಾಟಿದರೆ ಸಿಸ್ಟರ್ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ಆ ಕೈ ಸುಮ್ಮನಿದ್ದೀತೇ? ಗುರುವಿನ ಗೀಟನ್ನೇ ನೆಟ್ಟಗೆ ಮಾಡಿಬಿಟ್ಟಿತ್ತು!

ನಗು ಬಂತು. ಮತ್ತೆ ದಿಟ್ಟಿಸಿದಾಗ ಮೈ ಝುಂ ಎಂದಿತು. ಗುರುಗಳು ನಡುವೆ ಮಸಿ ಅದ್ದಿಕೊಂಡಿಲ್ಲ, ಇದ್ದಷ್ಟರಲ್ಲೇ ಸರ್ರನೆ ಎಳೆದಿದ್ದಾರೆ. ಆ ವೇಗ ಇನ್ನೂ ಅಲ್ಲೇ ಇದೆ! ನಾನೂ ಒಮ್ಮೆ ಅದ್ದಿ, ಭುಜದಿಂದಲೇ ಎಳೆದೆ. ಮೊಣಕೈ ಬೇಳೆ ಡಬ್ಬಿಗೆ ಬಡಿಯಿತು. ಕಟ್ಟೆಯ ಮೇಲೆ ಹತ್ತಾರು ಸಲ ಬರೆದು, ಆಮೇಲೆ ಕಾಗದಕ್ಕೆ ಕೈ ಹಚ್ಚಿದೆ. ಗೀಟು ವಾಲಿತು, ತುದಿಯಲ್ಲಿ ಎಳೆಗಳು ಬಿಡಿಬಿಡಿಯಾದವು.

“ಅತ್ತೀ, ಬರ್ರಿ ಇಲ್ಲಿ! ಲಗೂನ ಬರ್ರಿ!”

ಅತ್ತೆ ಕನ್ನಡಕ ಏರಿಸಿದರು. “ಸೊಟ್ಟ ಆಗೇತಲ್ಲವಾ. ಮೊದಲ ಬರೆದಿದ್ದೇ ಛಲೋ ಇತ್ತು.”

“ಸೊಟ್ಟನ ಬೇಕಾಗಿತ್ತ್ರಿ!”

“ಅಷ್ಟ ಆಗಿದ್ರ ನನ್ನ ಕೈಯಾಗ ಕೊಡಬಾರದೇನು, ಎಂದೋ ಮುಗಿಸಿಕೊಡ್ತಿದ್ದೆ.”

ಫೋಟೋ ಕಳಿಸಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಫೋನು ಸದ್ದು ಮಾಡಿತು. ಅತ್ತೆಯೇ ಎತ್ತಿ, ದೂರ ಹಿಡಿದು ನೋಡಿದರು.

“ಏನೋ ಉದ್ದಂದು ಬಂದೈತಿ ನೋಡು. ಮ್ಯಾಲಿಂದ ಕೆಳಗ, ಇರುವಿ ಸಾಲಿನಂಗ.”

ಹಿಟ್ಟಿನ ಕೈಯಲ್ಲೇ ಓಡಿದೆ. ನೋಡಿದವಳೇ ಕಟ್ಟೆ ಖಾಲಿ ಮಾಡತೊಡಗಿದೆ. ಅಷ್ಟುದ್ದದ ಸಾಲಿಗೆ ಮೊದಲು ಬೇಳೆ ಡಬ್ಬಿ ಸರಿಯಬೇಕಿತ್ತು.