ಏಳುನೂರು ವೋಲ್ಟಿಗೆ ಹೆದರದ ನಾಲ್ಕು ವಾಲ್ವುಗಳು

ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಆಂಪ್ಲಿಫೈಯರಿನ ಬಲ್ಬಿನಂಥ ವಾಲ್ವುಗಳ ಗಾಜು ಒಡೆಯಬಹುದಿತ್ತು. ಗಾಜು ಉಳಿದರೂ ಒಳಗಿನ ತಂತಿ ಸಡಿಲವಾಗಿ ಗಿಲಕಿಯಂತೆ ಸದ್ದು ಮಾಡಬಹುದಿತ್ತು. ಹೋಟೆಲಿನ ಕರೆಂಟು ಏರಿಳಿದು ಫ್ಯೂಸ್ ಹಾರಬಹುದಿತ್ತು. ವಾಲ್ವಿನೊಳಗಿನ ತಗಡು ಕೆಂಪಗೆ ಕಾದು, ಟ್ರಾನ್ಸ್‌ಫಾರ್ಮರ್ ಸುಟ್ಟು, ಊಟಕ್ಕೆ ಕೂತವರೆಲ್ಲ ಬಾಗಿಲಿಗೆ ಓಡಬಹುದಿತ್ತು. ಏಳುನೂರು ವೋಲ್ಟಿಗೆ ಕೈ ತಗುಲಿ ನಾನೇ ಹೋಗಿಬಿಡಬಹುದಿತ್ತು. ಬೀರುವಿನ ಬೀಗದಕೈ ಎಲ್ಲಿದೆಯೆಂದು ಹೆಂಡತಿಗೆ ಎರಡು ಸಲ ಹೇಳಿಟ್ಟಿದ್ದೆ.

ಎಪ್ಪತ್ತರ ದಶಕದ ಆರಂಭದ ಮಾತು. ಬೊರಿವಲಿಯ ನಮ್ಮ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಮಂಗಳೂರಿನ ತರುಣನೊಬ್ಬ ಬೇಸ್ ಗಿಟಾರ್ ನುಡಿಸುತ್ತಿದ್ದ. ಸಾಂತಾಕ್ರೂಜ್‌ನ ಹೋಟೆಲೊಂದು ಕಾಯಂ ಕೆಲಸಕ್ಕಾಗಿ, ಬಂದು ನುಡಿಸಿ ತೋರಿಸು ಎಂದಿತ್ತು. ಇದು ತಪ್ಪಿದರೆ ಅವನು ಊರಿಗೆ ಮರಳಿ ಮಾವನ ಹಂಚಿನ ಕಾರ್ಖಾನೆಯಲ್ಲಿ ಕೂರಬೇಕು. ಅವನ ಆಂಪ್ಲಿಫೈಯರ್ ಹಡಗಿನಲ್ಲಿ ಬಂದ ಹಳೆಯ ವಿಲಾಯಿತಿ ಯಂತ್ರ. ಬೇರೆಯವು ನಾನೂರು ವೋಲ್ಟಿಗೆ ತೃಪ್ತಿಪಟ್ಟರೆ ಇದು ವಾಲ್ವುಗಳ ಮೇಲೆ ಏಳುನೂರು ಹೇರುತ್ತಿತ್ತು. ಅಂಗಡಿಯ ಹೊಸ ವಾಲ್ವುಗಳು ಎರಡು ಸಂಜೆಗೆ ಸಾಯುತ್ತಿದ್ದವು.

ಬಾಳಿಕೆ ಬರುವಂಥದ್ದನ್ನು ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ನಾನು ಕಾಂದಿವಲಿಯ ಕಾರ್ಖಾನೆಯಲ್ಲಿ ರೇಡಿಯೊ ತಪಾಸಣೆ ಮಾಡುತ್ತಿದ್ದೆ. ಚೆನ್ನಾಗಿ ಹಾಡುವ ರೇಡಿಯೊವನ್ನೂ ಅನುಮಾನಿಸುವುದಕ್ಕೆ ನನಗೆ ಸಂಬಳ.

ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಜಾಪುರದ ಮುಸಲ್ಮಾನರೊಬ್ಬರ ಹಳೆ ಸಾಮಾನಿನ ಅಂಗಡಿ. ಒಂದೊಂದು ವಾಲ್ವನ್ನೂ ಕಿವಿಯ ಬಳಿ ಅಲ್ಲಾಡಿಸಿದೆ, ಉಗುರಿನಿಂದ ತಟ್ಟಿದೆ, ಬಿಸಿಲಿಗೆ ಹಿಡಿದೆ. ಒಂದು ಗಂಟೆಯಾದ ಮೇಲೆ ಅವರು ತಡೆಯಲಾರದೆ ಕೇಳಿದರು.

"ಸಾಹೇಬ್ರ, ವಾಲ್ವ್ ನೋಡಾಕತ್ತೀರೋ, ಅಳಿಯನ್ನ ನೋಡಾಕತ್ತೀರೋ?"

"ಗಟ್ಟಿ ಇರಬೇಕು."

"ಹಂಗಾರ ಡಬ್ಬಿ ಮ್ಯಾಲಿಂದು ಓದಬ್ಯಾಡ್ರಿ. ಈ ನಾಕು ಸಿನಿಮಾ ಥೇಟರ್‌ದಾಗ ವರ್ಷಗಟ್ಟಲೆ ದಿನಾ ನಾಕ್ ಶೋ ಹೊಡದಾವ. ಸಾಯೂದಿದ್ರ ಆಗ್ಲೇ ಸಾಯ್ತಿದ್ವು."

ಇನ್ನೊಬ್ಬನ ಬದುಕಿನ ಪ್ರಶ್ನೆಗೆ ಸೆಕೆಂಡ್ ಹ್ಯಾಂಡ್ ಮಾಲೇ? ಆದರೆ ಗಾಜು ದಪ್ಪಗಿತ್ತು, ಒಳಗಿನ ತಗಡು ಅಗಲವಾಗಿತ್ತು. ಕೊಂಡೆ. ಭಾನುವಾರ ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ಯಂತ್ರ ಹಚ್ಚಿ, ತಗಡು ಕೆಂಪಾಗುತ್ತದೆಯೇ ಎಂದು ನಾಲ್ಕು ಗಂಟೆ ದಿಟ್ಟಿಸಿದೆ. ಕೆಂಪಾದದ್ದು ನನ್ನ ಕಣ್ಣು ಮಾತ್ರ.

ಶನಿವಾರ ಹೋಟೆಲಿನಲ್ಲಿ ಆಂಪ್ಲಿಫೈಯರಿನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. ಎರಡು ಹಾಡು ಸುಸೂತ್ರ. ಮೂರನೆಯದರ ನಡುವೆ ಯಂತ್ರದ ಮುಂಭಾಗದ ಪುಟ್ಟ ಕೆಂಪು ದೀಪ ಪಕ್ಕನೆ ಆರಿತು. ನಾನು ಹಾರಿ ಪ್ಲಗ್ ಕಿತ್ತೆ. ಹೋಟೆಲಿನ ಡ್ರಮ್ಮಿನವನು ಒಬ್ಬನೇ ನಾಲ್ಕು ಪೆಟ್ಟು ಹೊಡೆದು ನಿಲ್ಲಿಸಿದ.

"ಎಂಥ ಮಾಡಿದ್ರಿ ಮಾರಾಯ್ರೆ!" ಎಂದ ನಮ್ಮ ತರುಣ.

"ದೀಪ ಹೋಯ್ತಲ್ಲ!"

"ಸೌಂಡ್ ಇತ್ತಲ್ಲ!"

ಇತ್ತಂತೆ. ನೋಡುವುದರಲ್ಲಿ ಮುಳುಗಿದ್ದ ನಾನು ಕೇಳಿಸಿಕೊಂಡಿರಲೇ ಇಲ್ಲ. ಉಡುಪಿ ಕಡೆಯ ಮ್ಯಾನೇಜರು ಎದ್ದು ಬಂದರು. ತರುಣನ ಮುಖದಲ್ಲಿ ಆಗಲೇ ಹಂಚಿನ ಧೂಳು ಕಾಣಿಸಿತು ನನಗೆ.

"ನುಡಿಸಿದ್ದು ಲಾಯ್ಕುಂಟು. ಸೋಮವಾರದಿಂದ ಬನ್ನಿ," ಎಂದು ಅವನಿಗೆ ಹೇಳಿ, ನನ್ನನ್ನು ಒಮ್ಮೆ ನೋಡಿದರು. "ಇವರನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ."

ಬೊರಿವಲಿಗೆ ಬಂದು ಬಿಚ್ಚಿ ನೋಡಿದರೆ ನಾಲ್ಕು ವಾಲ್ವುಗಳೂ ಕ್ಷೇಮ. ಕೆಟ್ಟದ್ದು ಆ ಕೆಂಪು ದೀಪದೊಳಗಿನ, ಕಡಲೆಕಾಳಿನಷ್ಟು ದೊಡ್ಡ, ಟಾರ್ಚಿಗೆ ಹಾಕುವಂಥ ಒಂದು ಬಲ್ಬು.